ಲಕೋಟೆಯಲ್ಲಿ ಇಲ್ಲದ ಹೆಸರು

'ಮದರ್ ಇಂಡಿಯಾ' ಒಂದೇ ಒಂದು ಮತದಿಂದ ಆಸ್ಕರ್ ಕಳೆದುಕೊಂಡಿತು ಎನ್ನುವ ಮಾತನ್ನು ನೀವೂ ಕೇಳಿರುತ್ತೀರಿ. ಕೆಲವರು ಅದಕ್ಕೆ ಇನ್ನೂ ಸ್ವಲ್ಪ ಸೇರಿಸಿ ಹೇಳುತ್ತಾರೆ. ಮೊದಲೆರಡು ಸುತ್ತಿನಲ್ಲಿ ಇತ್ಯರ್ಥವೇ ಆಗಲಿಲ್ಲವಂತೆ, ಮೂರನೆಯ ಸುತ್ತಿನಲ್ಲಿ ಒಂದು ಮತ ಅತ್ತ ಬಿತ್ತಂತೆ. ಅರವತ್ತೈದು ವರ್ಷ ದಾಟಿದ ಮೇಲೂ ಈ ಮಾತಿನ ಬಿಸಿ ಆರಿಲ್ಲ. ಆದರೆ ಆಸ್ಕರ್ ಕೊಡುವ ಅಕಾಡೆಮಿ ಯಾರಿಗೆ ಎಷ್ಟು ಮತ ಬಿತ್ತೆಂದು ಪ್ರಕಟಿಸುವುದಿಲ್ಲ. ಎಣಿಸಿದ ಲೆಕ್ಕಪರಿಶೋಧಕರಿಗೆ ಗೊತ್ತಿರುತ್ತದೆ, ಅವರು ಬಾಯಿ ಬಿಡುವುದಿಲ್ಲ. ಆ ಒಂದು ಮತ ದಾಖಲೆಯಲ್ಲಿ ಇಲ್ಲ, ಜನರ ಬಾಯಲ್ಲಿದೆ.

ದಾಖಲೆಯಲ್ಲಿ ಇರುವುದು ಇಷ್ಟು. 1958ರ ಮಾರ್ಚ್ 26ರ ರಾತ್ರಿ, ಲಾಸ್ ಏಂಜಲೀಸ್‌ನ ಪ್ಯಾಂಟೇಜಸ್ ಥಿಯೇಟರ್. ವಿದೇಶಿ ಭಾಷಾ ಚಿತ್ರದ ವಿಭಾಗದಲ್ಲಿ ಇಟಲಿ, ಫ್ರಾನ್ಸ್, ಪಶ್ಚಿಮ ಜರ್ಮನಿ, ನಾರ್ವೆಯ ಚಿತ್ರಗಳ ಜೊತೆ ಮೆಹಬೂಬ್ ಖಾನರ 'ಮದರ್ ಇಂಡಿಯಾ' ಇತ್ತು. ಕರೆದ ಹೆಸರು ಫೆಡೆರಿಕೊ ಫೆಲಿನಿಯ 'ನೈಟ್ಸ್ ಆಫ್ ಕಬೀರಿಯಾ'. ಹಿಂದಿನ ವರ್ಷವೂ ಇದೇ ಪ್ರಶಸ್ತಿ ಫೆಲಿನಿಯ 'ಲಾ ಸ್ಟ್ರಾಡಾ'ಗೆ ಹೋಗಿತ್ತು.

ಕಬೀರಿಯಾ ರೋಮ್ ನಗರದ ಬೀದಿಯಲ್ಲಿ ಮೈ ಮಾರಿ ಬದುಕುವ ಹೆಂಗಸು. ಆಸ್ಕರ್ ಎಂಬ ಹೆಸರಿನ ಗಂಡಸೊಬ್ಬ ಮದುವೆಯಾಗುತ್ತೇನೆಂದು ನಂಬಿಸುತ್ತಾನೆ. ಆಕೆ ತನ್ನ ಪುಟ್ಟ ಮನೆ ಮಾರಿ, ಇದ್ದಬದ್ದ ದುಡ್ಡನ್ನೆಲ್ಲ ಚೀಲದಲ್ಲಿಟ್ಟುಕೊಂಡು ಅವನ ಹಿಂದೆ ಹೊರಡುತ್ತಾಳೆ. ಕೆರೆಯಂಚಿನ ದಿಬ್ಬದಲ್ಲಿ ಅವನು ಚೀಲ ಎತ್ತಿಕೊಂಡು ಓಡುತ್ತಾನೆ. ಕತ್ತಲಾಗುವ ಹೊತ್ತಿಗೆ ಆಕೆ ಎದ್ದು ಕಾಡಿನ ದಾರಿಯಲ್ಲಿ ನಡೆಯುತ್ತಾಳೆ. ಹಾಡಿಕೊಂಡು ಕುಣಿದುಕೊಂಡು ಹೋಗುವ ಹುಡುಗ ಹುಡುಗಿಯರ ಗುಂಪು ಸುತ್ತುವರಿಯುತ್ತದೆ. ಕಣ್ಣಿನ ಕಾಡಿಗೆ ಕರಗಿ ಕೆನ್ನೆಯ ಮೇಲೆ ಕಪ್ಪು ಹನಿಯಾಗಿ ನಿಂತಿದೆ, ತುಟಿ ಮೆಲ್ಲಗೆ ನಗುತ್ತದೆ, ಒಂದು ಗಳಿಗೆ ಆಕೆ ನೇರ ನಮ್ಮತ್ತ ನೋಡಿದಂತಾಗುತ್ತದೆ. ಇತ್ತ ನಮ್ಮ ರಾಧಾ. ಊರಿಗೆ ಬಂದ ಹೊಸ ಕಾಲುವೆಯನ್ನು ತೆರೆಯಲು ಊರವರು ಕರೆದುಕೊಂಡು ಬಂದ ಮುದುಕಿ. ಎತ್ತಿಲ್ಲದಾಗ ನೊಗಕ್ಕೆ ಹೆಗಲು ಕೊಟ್ಟವಳು, ಊರಿನ ಹೆಣ್ಣನ್ನು ಹೊತ್ತೊಯ್ದ ಸ್ವಂತ ಮಗನಿಗೆ ಗುಂಡಿಟ್ಟವಳು. ಕಾಲುವೆಯ ನೀರು ಅವಳ ಕಣ್ಣಿಗೆ ರಕ್ತವಾಗಿ ಕಾಣುತ್ತದೆ.

ಎರಡನ್ನೂ ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಕಬೀರಿಯಾ ಆಗಿದ್ದ ಜೂಲಿಯೆಟ್ಟಾ ಮಸೀನಾಳ ಆ ನಗುವಿನ ಎದುರು ಕೈಯೆತ್ತು ಎಂದರೆ ನನ್ನ ಕೈ ಏಳುವುದಿಲ್ಲ. ರಾಧಾ ಆಗಿದ್ದ ನರ್ಗಿಸ್ ವಿರುದ್ಧವೂ ಏಳುವುದಿಲ್ಲ. ಗೆದ್ದ ಚಿತ್ರ ಸಾಧಾರಣದ್ದಾಗಿದ್ದರೆ ಬೈದು ಸುಮ್ಮನಾಗಬಹುದಿತ್ತು. ಗೆದ್ದದ್ದೂ ದೊಡ್ಡ ಚಿತ್ರ ಎಂದು ಮನಸ್ಸಿಗೆ ಗೊತ್ತಿರುವುದರಿಂದಲೇ ಈ ಸೋಲಿಗೆ 'ಒಂದು ಮತ'ದ ಕತೆ ಬೇಕಾಯಿತು ಎಂದು ನನಗನ್ನಿಸುತ್ತದೆ. ಬೇರೆ ಯಾವ ಅಂತರವನ್ನೂ ನಾವು ಒಪ್ಪಲಾರೆವು. ಇನ್ನೂ ಒಂದು ಸಂಗತಿ ನಾವು ಅಷ್ಟಾಗಿ ನೆನೆಯುವುದಿಲ್ಲ: ಸ್ವದೇಶದಲ್ಲೂ ಆ ವರ್ಷ 'ಮದರ್ ಇಂಡಿಯಾ' ಮೊದಲನೆಯದಾಗಲಿಲ್ಲ. ರಾಷ್ಟ್ರಪತಿಗಳ ಚಿನ್ನದ ಪದಕ ಹೋದದ್ದು ಶಾಂತಾರಾಂ ಅವರ 'ದೋ ಆಂಖೇಂ ಬಾರಹ್ ಹಾಥ್'ಗೆ. ಮೆಹಬೂಬರಿಗೆ ಸಿಕ್ಕಿದ್ದು ಅರ್ಹತಾ ಪತ್ರ.

2002ರಲ್ಲಿ 'ಲಗಾನ್' ಹೋದಾಗಲೂ ಇಡೀ ದೇಶ ಬೆಳಗಿನ ಜಾವ ಎದ್ದು ಟಿವಿ ಮುಂದೆ ಕೂತಿತ್ತು. ಮೂರು ಮುಕ್ಕಾಲು ಗಂಟೆಯ ನಮ್ಮ ಕ್ರಿಕೆಟ್ ಕತೆಯ ಎದುರು ಬೋಸ್ನಿಯಾದ 'ನೋ ಮ್ಯಾನ್ಸ್ ಲ್ಯಾಂಡ್' ಗೆದ್ದಿತು. ಎರಡು ಸೇನೆಗಳ ನಡುವಿನ ಕಂದಕದಲ್ಲಿ, ಅಲುಗಿದರೆ ಸಿಡಿಯುವ ನೆಲಬಾಂಬಿನ ಮೇಲೆ ಅಂಗಾತ ಮಲಗಿದ ಸೈನಿಕನ ಕತೆ ಅದು. ಕೊನೆಗೂ ಅವನನ್ನು ಹಾಗೇ ಬಿಟ್ಟು ಎಲ್ಲರೂ ಹೊರಟುಹೋಗುತ್ತಾರೆ. ಆ ಕಾಲದಲ್ಲಿ ಈ ವಿಭಾಗಕ್ಕೆ ಮತ ಹಾಕಬೇಕಾದರೆ ಸದಸ್ಯರು ಐದೂ ಚಿತ್ರಗಳನ್ನು ಪ್ರದರ್ಶನಕ್ಕೆ ಹೋಗಿ ನೋಡಿರಲೇಬೇಕಿತ್ತು. ಬಿಡುವಿದ್ದವರ ಸಣ್ಣ ಗುಂಪು ಅದು. ಊರಿಗೆ ಊರೇ ಎದ್ದು ಕೂತು ಕಾದ ತೀರ್ಪನ್ನು ಕೊಟ್ಟವರು ಇಷ್ಟೇ ಮಂದಿ.

ಅಂದರೆ ಕೂದಲೆಳೆಯಲ್ಲಿ ತಪ್ಪಿತು ಎಂದು ನಾವು ಹೇಳುವಾಗೆಲ್ಲ ಆ ಕೂದಲೆಳೆಯನ್ನು ಯಾರೂ ಕಂಡಿರುವುದಿಲ್ಲ. ಮೊದಲು ಹೀಗಿರಲಿಲ್ಲ. ಆಸ್ಕರ್‌ನ ಮೊದಮೊದಲ ವರ್ಷಗಳಲ್ಲಿ ಎರಡನೆಯವರು ಯಾರು, ಮೂರನೆಯವರು ಯಾರು ಎಂದು ಕೆಲವು ಸಲ ಹೇಳುತ್ತಿದ್ದರು, ವೇದಿಕೆಗೇ ಕರೆಯುತ್ತಿದ್ದರು. ಈ ಪದ್ಧತಿ ನನಗೆ ಬಹಳ ಇಷ್ಟ. ಅದು ಏಕೆ ನಿಂತಿತೋ ಎಂದು ಯೋಚಿಸುವಾಗ 1934ರ ಮಾರ್ಚ್ 16ರ ರಾತ್ರಿ ಕಣ್ಣಮುಂದೆ ಬರುತ್ತದೆ.

ಅವತ್ತು ಅಂಬಾಸಡರ್ ಹೋಟೆಲಿನಲ್ಲಿ ಊಟದ ಕೂಟ. ನಿರೂಪಕ ವಿಲ್ ರೋಜರ್ಸ್. ಶ್ರೇಷ್ಠ ನಿರ್ದೇಶಕನ ಲಕೋಟೆ ಒಡೆದವನು ಗೆಳೆತನದ ಸಲುಗೆಯಲ್ಲಿ, ಫ್ರ್ಯಾಂಕ್, ಬಂದು ತಗೊಂಡು ಹೋಗಪ್ಪ ಎಂದುಬಿಟ್ಟ. 'ಲೇಡಿ ಫಾರ್ ಎ ಡೇ' ಚಿತ್ರದ ನಿರ್ದೇಶಕ ಫ್ರ್ಯಾಂಕ್ ಕ್ಯಾಪ್ರಾ ಎದ್ದ. ಮೇಜುಗಳ ನಡುವೆ ದಾರಿ ಮಾಡಿಕೊಂಡು ಹೊರಟ. ದೀಪದ ಬೆಳಕು ಅವನನ್ನು ಹುಡುಕುತ್ತಿದೆ ಅಂದುಕೊಂಡು, ಇಲ್ಲಿದ್ದೇನೆ ಎಂದು ಕೈಯನ್ನೂ ಬೀಸಿದ. ಬೆಳಕು ಸಭಾಂಗಣದ ಇನ್ನೊಂದು ಮೂಲೆಗೆ ಹೋಗಿ ನಿಂತಿತು. ಅಲ್ಲಿ ಎದ್ದು ಬರುತ್ತಿದ್ದವನು ಫ್ರ್ಯಾಂಕ್ ಲಾಯ್ಡ್, 'ಕ್ಯಾವಲ್‌ಕೇಡ್' ಚಿತ್ರದವನು. ಕ್ಯಾಪ್ರಾ ನಡುದಾರಿಯಲ್ಲಿ ನಿಂತ. ಹಿಂದಿನವರು ಕೂತ್ಕೋ ಕೂತ್ಕೋ ಎಂದು ಕೂಗಿದರು. ವಾಪಸು ತನ್ನ ಮೇಜಿಗೆ ನಡೆದ ಆ ದೂರವನ್ನು ಅವನು ಜೀವನಪೂರ್ತಿ ಮರೆಯಲಿಲ್ಲ, ಆತ್ಮಕತೆಯಲ್ಲಿ ಅದನ್ನು ಬರೆದುಕೊಂಡ. ಆಮೇಲೆ ರೋಜರ್ಸ್ ಕ್ಯಾಪ್ರಾನನ್ನೂ, 'ಲಿಟಲ್ ವಿಮೆನ್'ನ ಜಾರ್ಜ್ ಕ್ಯೂಕರ್‌ನನ್ನೂ ವೇದಿಕೆಗೆ ಕರೆದ. ಮುಂದಿನ ವರ್ಷ ಅದೇ ಕ್ಯಾಪ್ರಾನ 'ಇಟ್ ಹ್ಯಾಪನ್ಡ್ ಒನ್ ನೈಟ್' ಐದು ಮುಖ್ಯ ಪ್ರಶಸ್ತಿಗಳನ್ನೂ ಬಾಚಿಕೊಂಡಿತು. ಆದರೂ ಸಿನಿಮಾದವರು ಮತ್ತೆ ಮತ್ತೆ ಹೇಳುವುದು ಹಿಂದಿನ ವರ್ಷದ ಆ ನಡಿಗೆಯನ್ನೇ.

ಅದಕ್ಕೂ ಮುಂಚೆ, 1932ರಲ್ಲಿ, ಎಣಿಕೆಯ ನಿಯಮವೇ ಬೇರೆ ಇತ್ತು. ಮೂರು ಮತದೊಳಗಿನ ಅಂತರವನ್ನು ಸಮ ಎಂದು ಲೆಕ್ಕ ಹಿಡಿಯುತ್ತಿದ್ದರು. ಶ್ರೇಷ್ಠ ನಟನ ಸ್ಪರ್ಧೆಯಲ್ಲಿ ಫ್ರೆಡ್ರಿಕ್ ಮಾರ್ಚ್‌ಗಿಂತ ವಾಲೆಸ್ ಬೀರಿಗೆ ಒಂದೇ ಮತ ಕಡಿಮೆ ಬಿದ್ದಿತ್ತು. ಇಬ್ಬರಿಗೂ ಪ್ರಶಸ್ತಿ ಬಂತು. ಇದು ಮಾತ್ರ ಪ್ರತೀತಿಯಲ್ಲ, ಎಣಿಸಿ ಹೇಳಿದ ಒಂದು ಮತ. ಆ ನಿಯಮ 1958ರವರೆಗೆ ಉಳಿದಿದ್ದರೆ, ನಮ್ಮವರು ಹೇಳುವ ಕತೆಯೂ ನಿಜವೇ ಆಗಿದ್ದರೆ, ಮೆಹಬೂಬ್ ಖಾನ್ ಫೆಲಿನಿಯ ಪಕ್ಕದಲ್ಲಿ ನಿಲ್ಲುತ್ತಿದ್ದರು. ಮೂರು ಮತದೊಳಗಿನ ಹೆಚ್ಚುಕಡಿಮೆಯನ್ನು ಹೆಚ್ಚುಕಡಿಮೆಯೆಂದು ಎಣಿಸದಿರುವುದು ನನಗೆ ತಿಳಿದಂತೆ ಪ್ರಶಸ್ತಿಗಳ ಇತಿಹಾಸದಲ್ಲೇ ಅತ್ಯಂತ ಮನುಷ್ಯತ್ವದ ನಿಯಮ. ಆಮೇಲೆ ಅದನ್ನು ತೆಗೆದುಹಾಕಿದರು.

ಬೆಟ್ಟಿ ಡೇವಿಸ್ ಕತೆ ಇನ್ನೊಂದು ಬಗೆಯದು. 'ಆಫ್ ಹ್ಯೂಮನ್ ಬಾಂಡೇಜ್' ಚಿತ್ರದಲ್ಲಿ ತನ್ನನ್ನು ಪ್ರೀತಿಸುವವನನ್ನೇ ಹಿಂಡುವ ಕಟುಕಿಯಾಗಿ ನಟಿಸಿದ್ದಳು. ನೋಡುವವರಿಗೆ ಹಿಡಿಸಲಿ ಎಂಬ ಹಂಗಿಲ್ಲದೆ ಮುಖ ಕೆಡಿಸಿಕೊಂಡು ಮಾಡಿದ ಪಾತ್ರ. ನಾಮನಿರ್ದೇಶನದ ಪಟ್ಟಿಯಲ್ಲಿ ಅವಳ ಹೆಸರಿರಲಿಲ್ಲ. ಗಲಾಟೆ ಎದ್ದಿತು, ಪಟ್ಟಿಯಲ್ಲಿ ಇಲ್ಲದ ಹೆಸರನ್ನೂ ಮತಪತ್ರದಲ್ಲಿ ಬರೆದು ಹಾಕಬಹುದು ಎಂದು ಅಕಾಡೆಮಿ ಒಪ್ಪಿಕೊಂಡಿತು. ಹಾಗಿದ್ದೂ 1935ರಲ್ಲಿ ಗೆದ್ದದ್ದು ಕ್ಲಾಡೆಟ್ ಕೋಲ್ಬರ್ಟ್, ನಾರ್ಮಾ ಶಿಯರರ್ ಎರಡನೆಯವಳು, ಡೇವಿಸ್ ಮೂರನೆಯವಳು. ಮರುವರ್ಷ 'ಡೇಂಜರಸ್' ಚಿತ್ರಕ್ಕೆ ಅವಳಿಗೆ ಕೊಟ್ಟರು. ಅದು ಹಿಂದಿನ ಪಾತ್ರದ ಬಾಕಿ ಎಂದು ಅವಳೇ ತಿಳಿದಿದ್ದಳು. ಎಣಿಕೆಯ ಮೇಲೆ ಅನುಮಾನ ಬಂದದ್ದರಿಂದ ಮತ ಎಣಿಸುವ ಕೆಲಸ ಹೊರಗಿನ ಪ್ರೈಸ್ ವಾಟರ್‌ಹೌಸ್ ಸಂಸ್ಥೆಯ ಕೈಗೆ ಹೋಯಿತು. ಕ್ರಮೇಣ ಮೊಹರು ಹಾಕಿದ ಲಕೋಟೆ ಬಂತು, ಗುಟ್ಟು ಬಂತು, ಎರಡನೆಯವರ ಹೆಸರು ಹೋಯಿತು.

ಗುಟ್ಟಿನ ಆ ಲಕೋಟೆಯೊಳಗೆ ಎರಡು ಹೆಸರು ಇದ್ದದ್ದು 1969ರಲ್ಲಿ. ಶ್ರೇಷ್ಠ ನಟಿಯ ಆ ಲಕೋಟೆ ಒಡೆದವರು ಇಂಗ್ರಿಡ್ ಬರ್ಗ್‌ಮನ್. ಚೀಟಿ ನೋಡಿ ಅವರೇ ಬೆರಗಾದರು. 'ದಿ ಲಯನ್ ಇನ್ ವಿಂಟರ್'ನ ಕ್ಯಾಥರಿನ್ ಹೆಪ್‌ಬರ್ನ್, 'ಫನ್ನಿ ಗರ್ಲ್'ನ ಬಾರ್ಬ್ರಾ ಸ್ಟ್ರೈಸ್ಯಾಂಡ್, ಸರಿಸಮ. ಸ್ಟ್ರೈಸ್ಯಾಂಡ್‌ಗೆ ಅದು ಮೊದಲ ಚಿತ್ರ. ಅವಳಿಗೆ ಅಕಾಡೆಮಿಯ ಸದಸ್ಯತ್ವವನ್ನು ನಿಯಮ ಸಡಿಲಿಸಿ ಬೇಗನೇ ಕೊಟ್ಟಿದ್ದರು. ತನ್ನ ಮತವನ್ನು ತನಗೇ ಹಾಕಿಕೊಂಡಿದ್ದರೆ, ಆ ಸದಸ್ಯತ್ವ ಇಲ್ಲದಿದ್ದರೆ ಗೆಲುವು ಹೆಪ್‌ಬರ್ನ್ ಒಬ್ಬಳದೇ ಆಗುತ್ತಿತ್ತು.

ಹೆಪ್‌ಬರ್ನ್‌ಳ ಎದುರು ಅದೇ ಚಿತ್ರದಲ್ಲಿ ರಾಜ ಎರಡನೇ ಹೆನ್ರಿಯಾಗಿದ್ದವನು ಪೀಟರ್ ಓಟೂಲ್. ರಾಣಿಗೆ ಅರ್ಧ ಕಿರೀಟವಾದರೂ ಸಿಕ್ಕಿತು, ರಾಜನಿಗೆ ಅದೂ ಇಲ್ಲ. 'ಲಾರೆನ್ಸ್ ಆಫ್ ಅರೇಬಿಯಾ'ದಿಂದ ಶುರುವಾಗಿ ಎಂಟು ಸಲ ಅವನ ಹೆಸರು ಪಟ್ಟಿಗೆ ಬಂತು, ಎಂಟು ಸಲವೂ ಲಕೋಟೆಯಲ್ಲಿ ಬೇರೆಯವರು. 'ಲಾರೆನ್ಸ್'ನ ವರ್ಷ ಎದುರಾಳಿ ಗ್ರೆಗರಿ ಪೆಕ್, ಇನ್ನೊಂದು ವರ್ಷ 'ಗಾಡ್‌ಫಾದರ್'ನ ಮಾರ್ಲನ್ ಬ್ರ್ಯಾಂಡೊ, 1983ರಲ್ಲಿ ನಮ್ಮ ಗಾಂಧಿಯಾಗಿದ್ದ ಬೆನ್ ಕಿಂಗ್ಸ್‌ಲಿ. ಇವರಲ್ಲಿ ಯಾರ ಕೈಯಿಂದ ಕಿತ್ತು ಅವನಿಗೆ ಕೊಡುತ್ತೀರಿ? 2003ರಲ್ಲಿ ಗೌರವ ಆಸ್ಕರ್ ಕೊಡುತ್ತೇವೆಂದಾಗ, ನಾನಿನ್ನೂ ಆಟದಲ್ಲಿದ್ದೇನೆ, ಎಂಬತ್ತು ತುಂಬುವವರೆಗೆ ತಡೆಯಿರಿ ಎಂದು ಅಕಾಡೆಮಿಗೆ ಪತ್ರ ಬರೆದ. ಕೊನೆಗೆ ಒಪ್ಪಿ ಬಂದು ತೆಗೆದುಕೊಂಡ. ಎಂಟನೆಯ ನಾಮನಿರ್ದೇಶನ ಬಂದದ್ದು ಅದಾದ ಮೇಲೆ, 'ವೀನಸ್' ಚಿತ್ರಕ್ಕೆ. ಆಟದಲ್ಲಿದ್ದೇನೆ ಎಂದದ್ದು ಸುಳ್ಳಾಗಿರಲಿಲ್ಲ.

'ಲಾರೆನ್ಸ್' ಮಾಡಿದ ಡೇವಿಡ್ ಲೀನ್ ಮಾತ್ರ ಗೆದ್ದವರ ಸಾಲಿನವನು. ಮೆಹಬೂಬ್ ಖಾನ್ ಸೋತ 1958ರ ಅದೇ ರಾತ್ರಿ 'ದಿ ಬ್ರಿಜ್ ಆನ್ ದಿ ರಿವರ್ ಕ್ವಾಯ್' ಚಿತ್ರಕ್ಕೆ ಅವನು ನಿರ್ದೇಶಕನ ಆಸ್ಕರ್ ಎತ್ತಿಕೊಂಡಿದ್ದ. ಅವನ ಕೊನೆಯ ಚಿತ್ರದ ಸೋಲಿಗೆ ನಮ್ಮ ಮಣ್ಣಿನ ನಂಟಿದೆ. ಫಾರ್ಸ್ಟರ್‌ನ ಕಾದಂಬರಿಯಿಂದ ಮಾಡಿದ 'ಎ ಪ್ಯಾಸೇಜ್ ಟು ಇಂಡಿಯಾ'ದ ಚಂದ್ರಾಪುರ ಎದ್ದು ನಿಂತದ್ದು ಬೆಂಗಳೂರು ಅರಮನೆಯ ಬಯಲಿನಲ್ಲಿ. ಕತೆಯ ಜೀವಾಳವಾದ ಮರಾಬಾರ್ ಗುಹೆಗಳ ಬೆಟ್ಟ ಎಂದು ಜಗತ್ತು ನೋಡಿದ್ದು ನಮ್ಮ ಸಾವನದುರ್ಗ ಮತ್ತು ರಾಮದೇವರ ಬೆಟ್ಟದ ಬಂಡೆಗಳನ್ನು. ಮಾಗಡಿ ಕಡೆಯಿಂದ ಸಾವನದುರ್ಗಕ್ಕೆ ಹೋದವರಿಗೆ ಗೊತ್ತು, ಆ ಒಂಟಿ ಬಂಡೆಯ ಬುಡದಲ್ಲಿ ನಿಂತು ತಲೆಯೆತ್ತಿದರೆ ಮಾತು ತಾನಾಗಿ ತಗ್ಗುತ್ತದೆ. ಆ ಕುಗ್ಗುವಿಕೆಯನ್ನೇ ಲೀನ್ ತನ್ನ ಚಿತ್ರಕ್ಕೆ ತೆಗೆದುಕೊಂಡ. ಬಿಸಿಲಿಗೆ ಬೆಳ್ಳಗೆ ಉರಿಯುವ ಕಲ್ಲು, ಅದರ ನಡುವೆ ಸಣ್ಣಗೆ ಕರಿ ಬಾಯಿ, ಒಳಗೆ ಹೋಗಿ ಗಾಬರಿಯಾಗಿ ಓಡಿಬರುವ ಇಂಗ್ಲಿಷ್ ಹುಡುಗಿ.

ಚಿತ್ರಕ್ಕೆ 11 ನಾಮನಿರ್ದೇಶನ ಬಂದವು. ಮೂರು ಲೀನ್‌ನವೇ: ನಿರ್ದೇಶನ, ಚಿತ್ರಕತೆ, ಸಂಕಲನ. ಸಮಾರಂಭ ನಡೆದದ್ದು 1985ರ ಮಾರ್ಚ್ 25ರಂದು, ಅವತ್ತು ಅವನಿಗೆ 77 ತುಂಬಿತು. 11 ನಾಮನಿರ್ದೇಶನಗಳೇ ಇದ್ದ 'ಅಮಡೇಯಸ್' ಎಂಟು ಗೆದ್ದಿತು. ಲೀನ್‌ನ ಚಿತ್ರಕ್ಕೆ ಬಂದದ್ದು ಎರಡು, ಮುದುಕಿ ಮಿಸೆಸ್ ಮೂರ್ ಆಗಿದ್ದ ಪೆಗ್ಗಿ ಆಶ್‌ಕ್ರಾಫ್ಟ್‌ಗೆ ಒಂದು, ಸಂಗೀತಕ್ಕೆ ಮಾರಿಸ್ ಜಾರ್‌ಗೆ ಇನ್ನೊಂದು. 'ಅಮಡೇಯಸ್' ಮೊಜಾರ್ಟ್‌ನ ಕತೆಯಾದ್ದರಿಂದ, ಮೊಜಾರ್ಟ್ ಈ ಸಲ ಸ್ಪರ್ಧೆಯಲ್ಲಿರಲಿಲ್ಲ, ಅದು ನನ್ನ ಪುಣ್ಯ ಎಂಬರ್ಥದ ಮಾತನ್ನು ಜಾರ್ ವೇದಿಕೆಯಲ್ಲೇ ಹೇಳಿದ. ಹುಟ್ಟುಹಬ್ಬದ ದಿನ ಮೂರು ಸಲ ತನ್ನ ಹೆಸರು ಪಟ್ಟಿಯಲ್ಲಿ ಓದಿಸಿಕೊಂಡು ಮೂರು ಸಲವೂ ಕೂತೇ ಇದ್ದ ಲೀನ್ ಆಮೇಲೆ ಚಿತ್ರ ಮಾಡಲಿಲ್ಲ. ಡಾಕ್ಟರ್ ಅಜೀಜ್ ಆಗಿ ಇಡೀ ಚಿತ್ರವನ್ನು ಹೊತ್ತ ವಿಕ್ಟರ್ ಬ್ಯಾನರ್ಜಿಯ ಹೆಸರಂತೂ ಆ 11ರಲ್ಲಿ ಇರಲೇ ಇಲ್ಲ. ಅಮೆರಿಕದ ನ್ಯಾಷನಲ್ ಬೋರ್ಡ್ ಆಫ್ ರಿವ್ಯೂ ಅದೇ ವರ್ಷ ಅವರನ್ನೇ ಶ್ರೇಷ್ಠ ನಟ ಎಂದು ಆರಿಸಿತ್ತು. ಒಂದು ಕಡೆ ಮೊದಲನೆಯವರು, ಇನ್ನೊಂದು ಕಡೆ ಐವರಲ್ಲೂ ಇಲ್ಲ.

ಆದರೂ ಆಸ್ಕರ್‌ನಲ್ಲಿ ಒಂದು ಸೌಲಭ್ಯವಿದೆ. ಸೋತವರ ಹೆಸರು ಗೊತ್ತಿರುತ್ತದೆ. ಐವರ ಪಟ್ಟಿ ಮೊದಲೇ ಪ್ರಕಟವಾಗುತ್ತದೆ, ನಾಲ್ವರು ಕ್ಯಾಮೆರಾದ ಮುಂದೆ ಮುಖ ಗಟ್ಟಿ ಮಾಡಿಕೊಂಡು ಚಪ್ಪಾಳೆ ತಟ್ಟುತ್ತಾರೆ. ನಮ್ಮ ರಾಷ್ಟ್ರಪ್ರಶಸ್ತಿಯ ವ್ಯವಸ್ಥೆ ಬೇರೆ. ತೀರ್ಪುಗಾರರ ಮಂಡಳಿ ಕೂತು ಚಿತ್ರ ನೋಡುತ್ತದೆ, ಚರ್ಚಿಸುತ್ತದೆ, ಗೆದ್ದವರ ಹೆಸರನ್ನು ಹೇಳುತ್ತದೆ. ಐವರ ಪಟ್ಟಿ ಇಲ್ಲ. ಕೊನೆಯ ಸುತ್ತಿನಲ್ಲಿ ಯಾರಿದ್ದರು ಎಂಬುದು ಪತ್ರಿಕೆಗಳಲ್ಲಿ ಸುದ್ದಿಯಾಗಿ ಬರುತ್ತದೆ, ಅಧಿಕೃತವಾಗಿ ಎಲ್ಲೂ ಬರೆಯುವುದಿಲ್ಲ. ಇಲ್ಲಿ ಕೂದಲೆಳೆಯಲ್ಲಿ ತಪ್ಪಿಸಿಕೊಂಡವನಿಗೆ ಸೋತೆ ಎಂದು ಹೇಳಿಕೊಳ್ಳುವ ಹಕ್ಕೂ ಇಲ್ಲ.

ಹಿಂದೆ ಹೀಗಿರಲಿಲ್ಲ ಎಂಬುದನ್ನು ನಾನು ಒತ್ತಿ ಹೇಳಬೇಕು. ರಾಷ್ಟ್ರಪ್ರಶಸ್ತಿಯಲ್ಲಿ ಬಹುಕಾಲ 'ಎರಡನೆಯ ಅತ್ಯುತ್ತಮ ಕಥಾಚಿತ್ರ' ಎಂಬ ವಿಭಾಗವೇ ಇತ್ತು. 1973ರ ಚಿತ್ರಗಳಲ್ಲಿ ಎಂ.ಟಿ. ವಾಸುದೇವನ್ ನಾಯರ್ ಅವರ 'ನಿರ್ಮಾಲ್ಯಂ' ಮೊದಲನೆಯದಾಯಿತು. ಎರಡನೆಯದು ನಮ್ಮ 'ಕಾಡು'. ಶ್ರೀಕೃಷ್ಣ ಆಲನಹಳ್ಳಿಯವರ ಕಾದಂಬರಿ, ಗಿರೀಶ ಕಾರ್ನಾಡರ ನಿರ್ದೇಶನ, ಗೋವಿಂದ ನಿಹಲಾನಿ ಛಾಯಾಗ್ರಹಣ. ಕಮಲಿಯಾದ ನಂದಿನಿ ಭಕ್ತವತ್ಸಲ ಅವರಿಗೆ ಶ್ರೇಷ್ಠ ನಟಿ ಪ್ರಶಸ್ತಿ, ಕಿಟ್ಟಿಯಾದ ಮಾಸ್ಟರ್ ನಟರಾಜನಿಗೆ ಬಾಲನಟ ಪ್ರಶಸ್ತಿ ಬಂತು. ದೂರದರ್ಶನದಲ್ಲಿ ಭಾನುವಾರ ಮಧ್ಯಾಹ್ನ ಪ್ರಾದೇಶಿಕ ಚಿತ್ರ ಹಾಕುತ್ತಿದ್ದ ಕಾಲದಲ್ಲಿ ಅದನ್ನು ಮೊದಲು ನೋಡಿದೆ. ಕಾಡಿನಲ್ಲೊಂದು ಹಕ್ಕಿಯಿದೆ, ಹೆಸರು ಹಿಡಿದು ಕರೆಯುತ್ತದೆ, ಓಗೊಟ್ಟವರು ಉಳಿಯುವುದಿಲ್ಲ ಎಂಬ ನಂಬಿಕೆ ಆ ಹುಡುಗನ ತಲೆಯಲ್ಲಿ ಕೂತಿರುತ್ತದೆ. ದೊಡ್ಡವರು ಎರಡು ಊರಾಗಿ ಕಡಿದಾಡುತ್ತಿದ್ದರೆ ಅವನ ಕಿವಿ ಕಾಡಿನ ಕಡೆಗೇ. ಆ ಪ್ರಶಸ್ತಿಯ ಪಟ್ಟಿಯಲ್ಲಿ 'ಎರಡನೆಯದು' ಎಂದು ಬರೆದಿರುವುದರಿಂದಲೇ ಇಂದೂ ನಾವು 'ಕಾಡು' ಮತ್ತು 'ನಿರ್ಮಾಲ್ಯಂ'ಗಳನ್ನು ಪಕ್ಕಪಕ್ಕ ಇಟ್ಟು ನೋಡಬಹುದು.

ಮರುವರ್ಷ ಎರಡನೆಯದು ಶ್ಯಾಮ್ ಬೆನಗಲ್ಲರ 'ಅಂಕುರ್'. ಅಲ್ಲಿ ಜಮೀನ್ದಾರನ ಮಗ ಸೂರ್ಯನಾಗಿದ್ದವರು ನಮ್ಮ ಅನಂತ್ ನಾಗ್. ಲಕ್ಷ್ಮಿಯಾಗಿದ್ದ ಶಬಾನಾ ಆಜ್ಮಿ ಶ್ರೇಷ್ಠ ನಟಿಯಾದರು. ಶ್ರೇಷ್ಠ ನಟ ಯಾರು ಎಂದರೆ ಸಾಧು ಮೆಹರ್, ಮಾತು ಬಾರದ, ಕಿವಿ ಕೇಳದ ಕುಂಬಾರ ಕಿಷ್ಟಯ್ಯನ ಪಾತ್ರಧಾರಿ. ಇದರಲ್ಲಿ ಅನ್ಯಾಯವಿದೆ ಎಂದು ನಾನು ಹೇಳುವುದಿಲ್ಲ. ಕೆಲಸ ಸಿಗುತ್ತದೆ ಎಂಬ ಆಸೆಯಿಂದ ಕೋಲು ಹಿಡಿದು ಓಡೋಡಿ ಬರುವ ಕಿಷ್ಟಯ್ಯನ ಮುಖವನ್ನು ನೋಡಿದವರು ಹಾಗೆ ಹೇಳಲಾರರು. ಆದರೆ ಕೊನೆಯ ಆ ದೃಶ್ಯವನ್ನು ಇನ್ನೊಮ್ಮೆ ನೋಡಿ. ತನ್ನ ತಪ್ಪು ಬಯಲಾಯಿತೇನೋ ಎಂಬ ಹೆದರಿಕೆಯಲ್ಲಿ ಸೂರ್ಯ ಅವನನ್ನು ಚಾವಟಿಯಿಂದ ಬಾರಿಸುತ್ತಾನೆ. ಲಕ್ಷ್ಮಿ ಬಂದು ಗಂಡನನ್ನು ತಬ್ಬಿಕೊಂಡು ಶಾಪ ಹಾಕುವಾಗ ಸೂರ್ಯ ಮನೆಯೊಳಗೆ ಸೇರಿಕೊಂಡಿರುತ್ತಾನೆ. ಹೊಡೆದವನೇ ನಡುಗುತ್ತಾನೆ. ಕೆಟ್ಟವನನ್ನು ಅಬ್ಬರಿಸಿ ತೋರಿಸುವುದು ಸುಲಭ. ದುರ್ಬಲನಾದ್ದರಿಂದ ಕ್ರೂರಿಯಾದವನನ್ನು ತೋರಿಸುವುದು ಕಷ್ಟ, ಏಕೆಂದರೆ ನೋಡುವವರು ಪಾತ್ರದ ಜೊತೆಗೆ ನಟನನ್ನೂ ದೂರ ಇಡುತ್ತಾರೆ. ಕಿಷ್ಟಯ್ಯನ ನೋವು ನಮಗೆ ತಟ್ಟುವುದರಲ್ಲಿ ಎದುರು ನಿಂತ ಆ ಹೇಡಿಯ ಪಾಲು ಅರ್ಧದಷ್ಟಿದೆ. ಅನಂತ್ ನಾಗ್ ಅವರಿಗೆ 2025ರಲ್ಲಿ ಪದ್ಮಭೂಷಣ ಬಂತು. ಅಭಿನಯದ ರಾಷ್ಟ್ರಪ್ರಶಸ್ತಿ ಬರಲಿಲ್ಲ. ಡಾ. ರಾಜ್‌ಕುಮಾರ್ ಅವರಿಗೂ ರಾಷ್ಟ್ರಪ್ರಶಸ್ತಿ ಬಂದದ್ದು ಹಾಡಿದ್ದಕ್ಕೆ, 'ಜೀವನಚೈತ್ರ' ಚಿತ್ರದ ಗಾಯನಕ್ಕೆ. ನಟನೆಗೆ ಅಲ್ಲ.

ಗಿರೀಶ ಕಾಸರವಳ್ಳಿಯವರ ಲೆಕ್ಕ ನೋಡಿದರೆ ಇನ್ನೂ ಸೋಜಿಗ. 'ಘಟಶ್ರಾದ್ಧ', 'ತಬರನ ಕತೆ', 'ತಾಯಿ ಸಾಹೇಬ', 'ದ್ವೀಪ'. ನಾಲ್ಕು ಚಿತ್ರಗಳು ದೇಶದ ಅತ್ಯುತ್ತಮ ಚಿತ್ರವೆಂದು ಸ್ವರ್ಣಕಮಲ ಪಡೆದವು. ಆ ನಾಲ್ಕೂ ವರ್ಷ ಶ್ರೇಷ್ಠ ನಿರ್ದೇಶಕನ ಪ್ರಶಸ್ತಿ ಬೇರೆಯವರಿಗೆ ಹೋಯಿತು. ಮೊದಲೆರಡು ಸಲ ಕೇರಳದ ಅರವಿಂದನ್‌ಗೆ, 'ಕಾಂಚನ ಸೀತ' ಮತ್ತು 'ಒರಿಡತ್ತ್' ಚಿತ್ರಗಳಿಗೆ. ಮೂರನೆಯ ಸಲ 'ಕಳಿಯಾಟ್ಟಂ'ನ ಜಯರಾಜ್‌ಗೆ, ನಾಲ್ಕನೆಯ ಸಲ ತಮಿಳಿನ ಬಿ. ಲೆನಿನ್‌ಗೆ. ಸ್ವರ್ಣಕಮಲವನ್ನು ನಿರ್ಮಾಪಕರ ಜೊತೆ ನಿರ್ದೇಶಕರಿಗೂ ಕೊಡುತ್ತಾರೆ, ಹಾಗಾಗಿ ಕಾಸರವಳ್ಳಿಯವರ ಕೈ ಬರಿದಾಗಲಿಲ್ಲ. ಮಂಡಳಿಗಳು ಎಲ್ಲ ಕಡೆ ಒಂದೇ ಚಿತ್ರಕ್ಕೆ ಎಲ್ಲವನ್ನೂ ಕೊಡದೆ ಹಂಚುತ್ತವೆ, ಅದರಲ್ಲಿ ಒಂದು ಸದುದ್ದೇಶವೂ ಇದೆ. ಒಂದು ಭಾಷೆಗೆ ಚಿತ್ರ, ಇನ್ನೊಂದಕ್ಕೆ ನಿರ್ದೇಶನ, ಮತ್ತೊಂದಕ್ಕೆ ನಟನೆ. ಆದರೆ ಅತ್ಯುತ್ತಮ ಚಿತ್ರವನ್ನು ಕಟ್ಟಿದವನು ನಾಲ್ಕು ಸಲವೂ ಅತ್ಯುತ್ತಮ ನಿರ್ದೇಶಕನಲ್ಲ ಎಂದಾದರೆ ಆ ಹಂಚಿಕೆಯನ್ನು ಪ್ರಶ್ನಿಸಬೇಕಾಗುತ್ತದೆ.

ಇದೇ ಕಾಸರವಳ್ಳಿಯವರ ಕೊನೆಯ ಎರಡು ಸ್ವರ್ಣಕಮಲಗಳ ಹಿಂದೆ ಇಬ್ಬರು ನಾಯಕಿಯರಿದ್ದಾರೆ. ಇಬ್ಬರೂ ತಮ್ಮ ಹಣ ಹಾಕಿ ಚಿತ್ರ ನಿರ್ಮಿಸಿದವರು. 'ತಾಯಿ ಸಾಹೇಬ'ದ ಜಯಮಾಲಾ ನಿರ್ಮಾಪಕಿಯಾಗಿ ಸ್ವರ್ಣಕಮಲಕ್ಕೆ ಹಕ್ಕುದಾರರಾದರು. ನಟಿಯಾಗಿ ಸಿಕ್ಕಿದ್ದು ತೀರ್ಪುಗಾರರ ವಿಶೇಷ ಪ್ರಶಸ್ತಿ. ಅದು ಎರಡನೆಯ ಸ್ಥಾನದ ಇನ್ನೊಂದು ಹೆಸರು. ಆ ವರ್ಷ ಶ್ರೇಷ್ಠ ನಟಿ ಪ್ರಶಸ್ತಿಯನ್ನು ಬಂಗಾಳಿಯ 'ದಹನ್' ಚಿತ್ರದ ಇಂದ್ರಾಣಿ ಹಾಲ್ದಾರ್ ಮತ್ತು ರಿತುಪರ್ಣಾ ಸೇನ್‌ಗುಪ್ತ ಹಂಚಿಕೊಂಡಿದ್ದರು. 'ದ್ವೀಪ'ದ ಸೌಂದರ್ಯ ಕೂಡ ನಿರ್ಮಾಪಕಿಯಾಗಿ ಸ್ವರ್ಣಕಮಲ ಪಡೆದರು. ಆ ವರ್ಷವೂ ಶ್ರೇಷ್ಠ ನಟಿಯರು ಇಬ್ಬರು, ಶೋಭನಾ ಮತ್ತು ತಬು. ಎರಡು ಸಲವೂ ಬಾಗಿಲು ಇಬ್ಬರು ಹಿಡಿಸುವಷ್ಟು ತೆರೆದಿತ್ತು. ಸೌಂದರ್ಯ ಅವರಿಗೆ ವಿಶೇಷ ಪ್ರಶಸ್ತಿಯೂ ಬರಲಿಲ್ಲ. 2004ರ ಏಪ್ರಿಲ್ 17ರಂದು ಬೆಂಗಳೂರಿನಲ್ಲಿ ಮೇಲೆದ್ದ ಪುಟ್ಟ ವಿಮಾನ ಬಿದ್ದು ಅವರು ಹೋದರು. ಇನ್ನೊಂದು ಅವಕಾಶ ಅವರಿಗೆ ಇರಲಿಲ್ಲ.

'ದ್ವೀಪ' ನಾ. ಡಿಸೋಜರ ಕಾದಂಬರಿ. ಅಣೆಕಟ್ಟೆಯ ಹಿನ್ನೀರು ಏರುತ್ತಿದೆ. ಊರೆಲ್ಲ ಪರಿಹಾರ ತೆಗೆದುಕೊಂಡು ಗುಡ್ಡ ಬಿಟ್ಟಿದೆ, ಗಣಪನ ಮನೆ ಮಾತ್ರ ಉಳಿದಿದೆ. ಎಚ್.ಎಂ. ರಾಮಚಂದ್ರ ಹಾಲ್ಕೆರೆ ಹಿಡಿದ ಮಳೆ ಆ ಚಿತ್ರಕ್ಕೆ ಛಾಯಾಗ್ರಹಣದ ರಾಷ್ಟ್ರಪ್ರಶಸ್ತಿ ತಂದಿತು, ಅಷ್ಟು ಮಳೆ. ಗಣಪ ದೇವರನ್ನು ನಂಬಿ ಕೂತವನು. ಕೆಲಸ ಮಾಡುವವಳು ಅವನ ಹೆಂಡತಿ ನಾಗಿ, ಅಂದರೆ ಸೌಂದರ್ಯ. ದೋಣಿಗೆ ಹುಟ್ಟು ಹಾಕುವುದು, ಮುಳುಗುವುದನ್ನು ಮೇಲಕ್ಕೆ ಸಾಗಿಸುವುದು, ಹುಲಿಯ ಸದ್ದು ಕೇಳುವ ರಾತ್ರಿ ಬೆಂಕಿ ಆರದಂತೆ ಕಾಯುವುದು. ತೆಲುಗಿನ ದೊಡ್ಡ ನಾಯಕಿಯಾಗಿ ಆ ಹೊತ್ತಿಗೆ ಮನೆಮಾತಾಗಿದ್ದ ಮುಖ ಇಲ್ಲಿ ಒಂದು ಸಲವೂ ತಾರೆಯಂತೆ ಕಾಣುವುದಿಲ್ಲ. ತೋಯ್ದ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡುವ, ದಣಿದರೂ ಕೈ ನಿಲ್ಲದ ಹೆಣ್ಣುಮಗಳು.

ಮಳೆ ನಿಂತು ಬೆಳಕಾಗುತ್ತದೆ. ನೀರು ಮನೆಯನ್ನು ನುಂಗಿಲ್ಲ, ಬದುಕಿ ಉಳಿದಿದ್ದಾರೆ. ಗಣಪ ಹೊರಗೆ ಬಂದು ನೋಡಿ, ಎಲ್ಲವೂ ದೇವರ ದಯೆ ಎನ್ನುತ್ತಾನೆ. ಹಾಗಾದರೆ ರಾತ್ರಿಯೆಲ್ಲ ನಾನು ಪಟ್ಟ ಪಾಡಿಗೆ ಬೆಲೆಯೇ ಇಲ್ಲವೇ ಎಂಬ ಮಾತು ನಾಗಿಯ ಕಣ್ಣಿಗೆ ಬರುತ್ತದೆ. ಕ್ಯಾಮೆರಾ ಅವಳ ಮುಖದ ಮೇಲಿದೆ. ಗಂಡ ಅತ್ತ ತಿರುಗಿ ಕೈಮುಗಿಯುತ್ತಿದ್ದಾನೆ.